ಹೂಂ ಎನ್ನುವವಳು

ಮುದ್ದೆಯ ಹಿಟ್ಟು ಇನ್ನೂ ಬಿಗಿಯಾಗಿರಲಿಲ್ಲ. ಕವೆಗೋಲಿಗೆ ಪಾತ್ರೆ ಸಿಕ್ಕಿಸಿ, ಅದರ ಎರಡು ಕವಲುಗಳನ್ನೂ ಪಾದಗಳಿಂದ ಅದುಮಿ ಹಿಡಿದು ರೇವಮ್ಮ ಮುದ್ದೆಕೋಲಿನಿಂದ ತೊಳಸುತ್ತಿದ್ದಳು. ಈ ಹೊತ್ತಿನಲ್ಲಿ ಕೈ ನಿಂತರೆ ಗಂಟು ಉಳಿದುಬಿಡುತ್ತದೆ, ಆಮೇಲೆ ಏನು ಮಾಡಿದರೂ ಒಡೆಯುವುದಿಲ್ಲ. ಕೈ ಕೋಲಿನ ಮೇಲಿತ್ತು, ಕಣ್ಣು ಉಪ್ಪಿನ ಭರಣಿಗೆ ಒರಗಿಸಿಟ್ಟ ಹಾಳೆಯ ಮೇಲೆ. ಅಡಿಗೆಮನೆಯ ಹೊಸಿಲಿನಾಚೆ ಗೋಡೆಗೊರಗಿ ಕೂತ ಗಂಡ ಸಿದ್ದಗಂಗಯ್ಯ ಕಣ್ಣು ಮುಚ್ಚಿಕೊಂಡು ಪಾಠ ಒಪ್ಪಿಸುತ್ತಿದ್ದ.

“ನೂ ಸೋಮ್ ಆಲೆ. ನಾವು ಹೋಗಿದ್ದೀವಿ.”

“ಹೂಂ.”

“ಇಲ್ ಸೋಂ ಆಲೆ. ಅವರು ಹೋಗವ್ರೆ.”

“ಹೂಂ.”

ಹೋಗುವುದು ಮುಗಿಯಿತು. ಇನ್ನು ತಿನ್ನುವುದು. ಸಿದ್ದಗಂಗಯ್ಯ ಒಮ್ಮೆ ಗಂಟಲು ಸರಿಮಾಡಿಕೊಂಡ.

“ಜ ಸ್ವಿ ಮಾಂಜೆ. ನಾನು ತಿಂದಿದ್ದೀನಿ.”

ಹಾಳೆಯಲ್ಲಿ ಹಾಗಿರಲಿಲ್ಲ. ಅಲ್ಲಿ ದುಂಡು ಕನ್ನಡ ಅಕ್ಷರದಲ್ಲಿ ‘ಜೇ ಮಾಂಜೆ’ ಎಂದು ಬರೆದಿತ್ತು. ರೇವಮ್ಮ ಅದನ್ನು ಓದಿದಳು. ಇನ್ನೊಮ್ಮೆ ಓದಿದಳು. ಕೋಲು ಒಂದು ಸುತ್ತು ಬಂತು.

“ಹೂಂ,” ಅಂದಳು.

ತುಮಕೂರಿನ ಆ ಬೀದಿಯಲ್ಲಿ ಬೆಳಗಿನ ಹೊತ್ತು ಫ್ರೆಂಚ್ ಕೇಳುತ್ತಿದ್ದುದು ಅವರ ಮನೆಯಲ್ಲಿ ಮಾತ್ರ. ಸಿದ್ದಗಂಗಯ್ಯ ಕೆಲಸಕ್ಕಿದ್ದದ್ದು ಸಣ್ಣ ಹಲ್ಲುಚಕ್ರಗಳನ್ನು ಕಡೆಯುವ ಕಾರ್ಖಾನೆಯಲ್ಲಿ. ಎಂಬತ್ನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಅಲ್ಲಿಗೆ ಫ್ರಾನ್ಸಿನಿಂದ ಹೊಸ ಯಂತ್ರಗಳು ಬರುವ ಮಾತಾಯಿತು. ಅವನ್ನು ನಡೆಸುವುದು ಕಲಿತು ಬರಲು ಒಂದು ವರ್ಷದ ಮಟ್ಟಿಗೆ ಇಬ್ಬರನ್ನು ಕಳಿಸುತ್ತಾರೆ. ಹೆಸರು ಬಂದಿರುವುದು ಮೂವರದು. ದೀಪಾವಳಿಗೆ ಮುಂಚೆ ಬೆಂಗಳೂರಿನಿಂದ ಒಬ್ಬರು ಬಂದು ಮೂವರನ್ನೂ ಮಾತಾಡಿಸಿ ನೋಡುತ್ತಾರೆ. ಅಷ್ಟರಲ್ಲಿ ಭಾಷೆ ನಾಲಿಗೆಗೆ ಹತ್ತಬೇಕು.

ಕಲಿಸುವವರು ಚಿಕ್ಕಪೇಟೆಯ ಅನಂತರಾಮಯ್ಯ. ಪಾಂಡಿಚೇರಿಯ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದು, ನಿವೃತ್ತರಾದ ಮೇಲೆ ಊರಿಗೆ ಬಂದವರು. ಅವರು ಹುಡುಗರಾಗಿದ್ದಾಗ ಸಂಸ್ಕೃತ ಕಲಿತದ್ದು ಬಾಯಿಪಾಠದಿಂದ. ಫ್ರೆಂಚನ್ನೂ ಹಾಗೇ ಕಲಿಸುತ್ತಿದ್ದರು. ಕ್ರಿಯಾಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಅರ್ಥ ಬರೆದು, ಕಾರ್ಬನ್ ಇಟ್ಟು ಮೂರು ಪ್ರತಿ ಮಾಡಿ ಕೊಡುವರು. ಭಾನುವಾರ ಒಪ್ಪಿಸಬೇಕು. ಒಪ್ಪಿಸದವನಿಗೆ ಹೊಸ ಹಾಳೆ ಇಲ್ಲ, ಹಳೆಯದೇ ಇನ್ನೊಂದು ವಾರ. ಮೊದಲ ದಿನವೇ ಅವರು ಒಂದು ಕ್ರಮ ಹೇಳಿ ಕಳಿಸಿದ್ದರು, ಸಿದ್ದಗಂಗಯ್ಯ ಮನೆಗೆ ಬಂದು ಅದನ್ನು ಹೆಂಡತಿಗೆ ಒಪ್ಪಿಸಿದ್ದ. ಮನೆಯಲ್ಲಿ ಯಾರಾದರೂ ಹಾಳೆ ಹಿಡಿದು ಕೇಳಬೇಕು. ಸರಿಯಿದ್ದರೆ ಹೂಂ ಅನ್ನಬೇಕು. ತಪ್ಪಾದರೆ ಸುಮ್ಮನಿರಬೇಕು. ತಿದ್ದಬಾರದು, ಮುಖ ಕೂಡ ತೋರಿಸಬಾರದು. ಹೂಂ ಬರಲಿಲ್ಲ ಅಂದರೆ ಹೇಳುವವನೇ ಹಿಂದಕ್ಕೆ ಹೋಗಿ ಹುಡುಕಿಕೊಳ್ಳುತ್ತಾನೆ. ಹಾಗೆ ಹುಡುಕಿಕೊಂಡದ್ದು ಸಾಯುವ ತನಕ ಮರೆಯುವುದಿಲ್ಲ.

ಹೀಗೆ ಹೂಂ ಅನ್ನುವ ಕೆಲಸ ರೇವಮ್ಮನಿಗೆ ಬಂತು. ಅವಳು ಕುಣಿಗಲಿನ ಕಡೆಯವಳು, ಎಸ್ಸೆಸ್ಸೆಲ್ಸಿ ಮುಗಿಸಿದವಳು. ಓದಿದ್ದು ಮದುವೆಯಾದ ಮೇಲೆ ಯಾವುದಕ್ಕೂ ಬೇಕಾಗಿರಲಿಲ್ಲ.

ಮದುವೆಯಾಗಿ ಎಂಟು ವರ್ಷವಾಗಿತ್ತು. ಮೊದಮೊದಲು ಮಗುವಿನ ವಿಷಯ ಎಲ್ಲರೂ ಕೇಳುತ್ತಿದ್ದರು. ಅದಕ್ಕೆ ಉತ್ತರ ಕೊಡುವ ನೆಪದಲ್ಲಾದರೂ ಗಂಡ ಹೆಂಡತಿ ಕೂತು ನಾಲ್ಕು ಮಾತಾಡುತ್ತಿದ್ದರು. ಆಮೇಲೆ ಜನ ಕೇಳುವುದನ್ನು ಬಿಟ್ಟರು. ಇವರ ಮಾತೂ ನಿಂತಿತು. ಸಿದ್ದಗಂಗಯ್ಯ ಕೆಟ್ಟವನಲ್ಲ. ಶಿಫ್ಟಿಗೆ ಹೋಗುವನು, ಬರುವನು, ತಟ್ಟೆಯ ಮುಂದೆ ಕೂರುವನು. ಇನ್ನೊಂದು ತುತ್ತು ಬೇಕಾದರೆ ತಟ್ಟೆ ಸ್ವಲ್ಪ ಮುಂದೆ ಸರಿಸುವನು, ಸಾಕಾದರೆ ಮೇಲೆ ಕೈ ಅಡ್ಡ ಹಿಡಿಯುವನು. ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ಅವನ ಅಪ್ಪನೂ ಹಾಗೇ ಇದ್ದನಂತೆ. ಮೊದಮೊದಲು ಹೊಸಿಲ ಬಳಿ ಫ್ರೆಂಚ್ ಶುರುವಾದಾಗ ಅಂಗಳದ ಬಿಸಿಲಿನಲ್ಲಿ ಕೂತಿದ್ದ ಅತ್ತೆ ಪುಟ್ಟತಾಯಮ್ಮ ಎದ್ದು ಬಂದು ನೋಡಿದಳು.

“ಏನ್ಲಾ ಅದು, ಎದ್ದೇಟ್ಗೆ ಹೆಂಡ್ತಿ ಮುಂದೆ ಕೂತ್ಕಂಡು ವರದಿ ಒಪ್ಪಿಸ್ತಿದೀಯ? ನಿಮ್ಮಪ್ಪ ಸಾಯೋಗಂಟ ನನ್ ಮುಂದೆ ಇಷ್ಟು ಮಾತು ಆಡ್ಲಿಲ್ಲ ಕಣೋ.”

“ಇದು ಮಾತಲ್ಲ ಬುಡವ್ವಾ, ಪಾಠ,” ಅಂದ ಸಿದ್ದಗಂಗಯ್ಯ.

ಪುಟ್ಟತಾಯಮ್ಮ ಸೊಸೆಯ ಕಡೆ ತಿರುಗಿ, ಯಾವುದಾದರೇನು, ಬಾಯಿ ಬಿಟ್ಟನಲ್ಲ, ಅಷ್ಟು ಸಾಕು ಅಂದು ಮತ್ತೆ ಬಿಸಿಲಿಗೆ ಹೋದಳು.

ಆಷಾಢ ಕಳೆಯುವ ಹೊತ್ತಿಗೆ ಪಾಠ ಭೂತಕಾಲಕ್ಕೆ ಬಂತು. ಅವರ ಭೂತಕಾಲ ಒಂಟಿಯಾಗಿ ನಿಲ್ಲುವುದಿಲ್ಲವಂತೆ. ಮುಂದೆ ಒಂದು ಸಣ್ಣ ಮಾತು ಜೊತೆಗಿರಬೇಕು. ಹೋಗುವುದು, ಬರುವುದು, ಹುಟ್ಟುವುದು, ಸಾಯುವುದು ಇಂಥ ಕೆಲವಕ್ಕೆ ಜೊತೆಯ ಮಾತು ‘ಇರು’. ತಿನ್ನುವುದು, ಕುಡಿಯುವುದು, ನೋಡುವುದು ಮುಂತಾದ ಬಹುಪಾಲಿಗೆ ಅದು ‘ನನ್ನ ಬಳಿ ಉಂಟು’ ಎನ್ನುವಂಥದು. ಸಿದ್ದಗಂಗಯ್ಯನ ತೊಡಕು ಇದ್ದದ್ದು ಇಲ್ಲಿ. ಕನ್ನಡದವನಿಗೆ ಹೋಗಿದ್ದೀನಿ, ತಿಂದಿದ್ದೀನಿ, ನೋಡಿದ್ದೀನಿ, ಎಲ್ಲದರ ಕೊನೆಯಲ್ಲೂ ಇದ್ದೀನಿಯೇ. ಅವನ ನಾಲಿಗೆ ಎಲ್ಲಕ್ಕೂ ‘ಇರು’ವನ್ನೇ ಹಚ್ಚುತ್ತಿತ್ತು.

ಮೊದಲ ಸಲ ರೇವಮ್ಮ ತಪ್ಪಿಗೆ ಹೂಂ ಅಂದದ್ದು ಬೇಕೆಂದಲ್ಲ. ಆವತ್ತು ಅವಳು ಹಾಳೆ ನೋಡುವುದನ್ನು ಮರೆತು ಅರ್ಥ ಕೇಳುತ್ತ ಕೂತಿದ್ದಳು. ನಾನು ತಿಂದಿದ್ದೀನಿ, ನೀನು ತಿಂದಿದ್ದೀಯ, ನಾವು ತಿಂದಿದ್ದೀವಿ. ‘ನೀನು’ ಅನ್ನುವಾಗ ಅವನು ಕಣ್ಣು ಬಿಟ್ಟು ಅವಳ ಕಡೆ ನೋಡುತ್ತಿದ್ದ. ಪಾಠಕ್ಕೆ ಅದು ಬೇಕಾಗಿರಲಿಲ್ಲ. ‘ನಾವು’ ಅನ್ನುವಾಗಲೂ ಹಾಗೇ. ಎಂಟು ವರ್ಷದಲ್ಲಿ ಅವನು ನಾವು ಅಂದದ್ದು ಅವಳಿಗೆ ನೆನಪಿರಲಿಲ್ಲ. ನಂಗೆ ಶಿಫ್ಟು, ನಿಂಗೆ ಸಾಮಾನು, ಅವ್ವಂಗೆ ಔಷಧಿ, ಹೀಗೇ ಇತ್ತು ಅವರ ಮನೆಯ ಮಾತು. ಅವನು ‘ನೀನು ತಿಂದಿದ್ದೀಯ’ ಅಂದವನು ಥಟ್ಟನೆ ನಿಲ್ಲಿಸಿ, “ದಿಟಕ್ಕೂ ತಿಂತೀಯಾ, ಇಲ್ಲ ನಮಗೆಲ್ಲ ಬಡ್ಸಿ ತಳ ಕೆರ್ಕಂಡು ಉಣ್ತೀಯಾ?” ಅಂತ ಕೇಳಿದ. ರೇವಮ್ಮ ನಕ್ಕಳು. ಅವನೂ ನಕ್ಕ. ನಗು ಮುಗಿಯುವಷ್ಟರಲ್ಲಿ ತಪ್ಪಾಗಿ ಹೇಳಿದ್ದೆಲ್ಲ ಹೂಂ ಹೂಂ ಅನ್ನಿಸಿಕೊಂಡು ದಾಟಿ ಹೋಗಿತ್ತು.

ಅವನು ಕೆಲಸಕ್ಕೆ ಹೋದ ಮೇಲೆ ಹಾಳೆ ಎತ್ತಿಡುವಾಗ ಅವಳಿಗೆ ತಪ್ಪು ಕಂಡಿತು. ಆವತ್ತು ಶನಿವಾರ, ಮುಂದಿನ ಸಲ ಸರಿಮಾಡಿದರಾಯಿತು ಅಂದುಕೊಂಡಳು. ಮಾರನೆಯ ದಿನ, ಭಾನುವಾರ, ಮೇಷ್ಟರು ಹೊಸ ಹಾಳೆ ಕೊಡಲಿಲ್ಲ. ತಿನ್ನುವ ಪಾಠವೇ ಇನ್ನೊಂದು ವಾರ ಉಳಿಯಿತು. ಸೋಮವಾರ ಬೆಳಿಗ್ಗೆ ಅದೇ ಹೊಸಿಲು, ಅದೇ ನಾವು. ಅವತ್ತು ತಪ್ಪು ಬಂದಾಗ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೂಂ ಅಂದಳು. ಹಾಗೆ ಅನ್ನುವಾಗ ಎದೆ ಒಂದಿಷ್ಟು ಹೊಡೆದುಕೊಂಡಿತು. ಮಾರನೆಯ ದಿನ ಅದೂ ಇರಲಿಲ್ಲ. ಪಾಠ ಮುಂದೆ ಹೋಗದಿದ್ದರೆ ಪರೀಕ್ಷೆ ಆಗುವುದಿಲ್ಲ, ಪರೀಕ್ಷೆ ಆಗದಿದ್ದರೆ ಅವನು ಹೋಗುವುದಿಲ್ಲ. ಇದನ್ನು ಅವಳು ಇಷ್ಟು ಬಿಡಿಸಿ ಯೋಚಿಸಿದಳೆಂದಲ್ಲ. ಬೆಳಗಿನ ಆ ಸ್ವಲ್ಪ ಹೊತ್ತು ತನ್ನದು, ಅದು ಮುಗಿಯದಿರಲಿ ಎನ್ನುವಷ್ಟು ಮಾತ್ರ ಅವಳ ಮನಸ್ಸಿಗೆ ಬಂದದ್ದು.

ಮುಂದಿನ ಭಾನುವಾರ ಪಾಠ ಮುಗಿಸಿಕೊಂಡು ಗಂಡನ ಜೊತೆ ಆಂಜನಪ್ಪನೂ ಮನೆಗೆ ಬಂದ. ಮೂವರಲ್ಲಿ ಅವನೊಬ್ಬ. ಗುಬ್ಬಿಯವನು, ದಿನಾ ರೈಲಿನಲ್ಲಿ ಓಡಾಡುವವನು. ರೈಲಿಗೆ ಹೊತ್ತಿದ್ದರೆ ಇಲ್ಲಿ ಒಂದು ಲೋಟ ಕಾಫಿ ಕುಡಿದು ಹೋಗುವುದು ರೂಢಿ. ಬಾಗಿಲಲ್ಲೇ ನಿಂತು ಶುರುಮಾಡಿದ.

“ಅತ್ತಿಗೆ, ಇವತ್ತು ನಿಮ್ಮ ಯಜಮಾನ್ರನ್ನ ಹುಲಿ ತಿಂದಾಕ್ಬುಡ್ತು.”

ಪುಟ್ಟತಾಯಮ್ಮ ಗಾಬರಿಯಾಗಿ, “ಯಾವ್ ಹುಲಿನ್ಲಾ?” ಅಂದಳು.

“ಹುಲಿಯೂರುದುರ್ಗದ್ದು ಕಣಜ್ಜಿ, ಇನ್ಯಾವುದು?”

ಸಿದ್ದಗಂಗಯ್ಯ ಚಪ್ಪಲಿ ಬಿಡುತ್ತ ಸಣ್ಣಗೆ ನಕ್ಕ. ಆಂಜನಪ್ಪ ಬಿಡಿಸಿ ಹೇಳಿದ. ನಾನು ತಿಂದಿದ್ದೀನಿ ಅನ್ನುವುದಕ್ಕೆ ಇವನು ‘ಇರು’ ಹಚ್ಚಿ ಹೇಳಿದ್ದಾನೆ. ಹಾಗೆ ಹೇಳಿದರೆ ಅವರ ಭಾಷೆಯಲ್ಲಿ, ನನ್ನನ್ನು ಯಾರೋ ತಿಂದುಬಿಟ್ಟಿದ್ದಾರೆ ಅಂತ ಆಗುತ್ತದಂತೆ. ಮೇಷ್ಟರು ಕನ್ನಡಕ ತೆಗೆದು, ನಿನ್ನನ್ನು ತಿಂದದ್ದು ಯಾವುದಪ್ಪಾ, ಹುಲಿಯೂರುದುರ್ಗದ ಹುಲಿಯೋ ಅಂತ ಕೇಳಿದರಂತೆ. ಮೂರನೆಯವನು, ಡಿಪ್ಲೊಮಾ ಓದಿದ ಹುಡುಗ, ಬಿದ್ದು ಬಿದ್ದು ನಕ್ಕನಂತೆ. ಇನ್ನು ಕಾರ್ಖಾನೆಗೆಲ್ಲ ಗೊತ್ತಾಗುತ್ತದೆ. ಹುಲಿ ತಿಂದ ಸಿದ್ದಗಂಗಯ್ಯ ಅಂತಲೇ ಹೆಸರು ನಿಲ್ಲುತ್ತದೆ.

ರೇವಮ್ಮ ಕಾಫಿ ಸೋಸುತ್ತಿದ್ದಳು. ನಗಬೇಕೆಂದು ನೋಡಿದಳು, ಆಗಲಿಲ್ಲ.

ಸಿದ್ದಗಂಗಯ್ಯ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಆಂಜನಪ್ಪ ದನಿ ತಗ್ಗಿಸಿದ. “ಇದೊಂದು ಕೇಳಿ ಅತ್ತಿಗೆ. ಎರಡು ವಾರದಿಂದ ಅದೇ ತಪ್ಪು ಮಾಡ್ತಿದೀಯಲ್ಲ, ಮನೇಲಿ ಹಾಳೆ ಹಿಡಿಯೋರಿಗೆ ಓದೋಕೆ ಬರ್ತದೋ ಇಲ್ವೋ ಅಂದ್ರು ಮೇಷ್ಟ್ರು. ಅಲ್ಲೀಗಂಟ ನಕ್ಕಂಡಿದ್ದ ನಿಮ್ಮ ಯಜಮಾನ್ರು ಎದ್ದು ನಿಂತ್ಕಂಡ್ಬುಟ್ರು. ನಮ್ಮನೆಯೋಳು ಎಸ್ಸೆಸ್ಸೆಲ್ಸಿ ಪಾಸಾಗವ್ಳೆ ಸಾರ್, ಅವಳು ಹೂಂ ಅಂದ್ರೆ ಅದು ಸರಿ ಇದ್ದೇ ಇರ್ತದೆ, ಇಲ್ಲಿಗೆ ಬಂದು ಕೆಡಿಸ್ಕೊಳ್ಳೋನು ನಾನು ಅಂದ್ರು. ಮೇಷ್ಟ್ರೇ ಸುಮ್ಕಾಗೋದ್ರು. ಇವ್ರು ಅಷ್ಟು ಮಾತಾಡಿದ್ದ ನಾನು ನೋಡೇ ಇರ್ಲಿಲ್ಲ.”

ಅವನು ಮೆಚ್ಚಿಕೊಂಡೇ ಹೇಳಿದ್ದು. ರೇವಮ್ಮ ಲೋಟ ಅವನ ಮುಂದಿಟ್ಟು, ಸಕ್ಕರೆ ಸಾಕೇ ನೋಡಿ ಅಂದಳು. ಒಳಗೆ ಬಂದು ಒಲೆಯ ಮುಂದೆ ನಿಂತಳು. ಒಲೆಯಲ್ಲಿ ಏನೂ ಇರಲಿಲ್ಲ. ಕೆಂಡದ ಮೇಲೆ ಬೂದಿ ಕವಿದಿತ್ತು. ಅದನ್ನು ಸುಮ್ಮನೆ ಊದಿದಳು.

ಮಾರನೆಯ ದಿನ ರಜೆ. ರೇವಮ್ಮನ ಅಣ್ಣನ ಮಗುವಿಗೆ ಹೆಸರಿಡುವುದಿತ್ತು, ಗಂಡ ಹೆಂಡತಿ ಕುಣಿಗಲಿಗೆ ಹೋದರು. ಊಟದ ಪಂಕ್ತಿಯಲ್ಲಿ ಯಾರೋ ಫ್ರಾನ್ಸಿನ ಮಾತೆತ್ತಿ, ಅಲ್ಲಿ ರಾಗಿ ಸಿಗುತ್ತದೇನಪ್ಪ ಅಂತ ಕೇಳಿದರು. ಸಿದ್ದಗಂಗಯ್ಯ ತಲೆ ಬಗ್ಗಿಸಿಕೊಂಡು ಉಂಡ. ಸಂಜೆ ತುಮಕೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳನ್ನು ಕೂರಿಸಿದ. ಬಸ್ಸು ಕೆರೆಯ ಏರಿ ದಾಟಿತು.

“ನಾಳೆ ಆಫೀಸಿನಾಗೆ ಹೇಳ್ಬುಡ್ತೀನಿ,” ಅಂದ.

“ಏನಂತ?”

“ನನ್ ಹೆಸ್ರು ತೆಗೀರಿ ಅಂತ.”

ಅವಳು ಕಿಟಕಿಯ ಸರಳು ಹಿಡಿದುಕೊಂಡಳು. ಅವನೇ ಮುಂದುವರಿಸಿದ. “ಕೈ ಕೆಲಸ ಆದ್ರೆ ನಾನು ಯಾರಿಗೂ ಕಮ್ಮಿ ಇಲ್ಲ. ಇದು ಆಗಾಕಿಲ್ಲ ಬುಡು. ಮನೇಲಿ ಸರಿಯಾಗೇ ಹೇಳ್ತೀನಿ, ನೀನೇ ಕೇಳ್ತೀಯಲ್ಲ. ಮೇಷ್ಟ್ರ ಮುಂದೆ ಹೋದ್ರೆ ತಿರುಗಾಮುರುಗಾ ಆಗೋಯ್ತದೆ. ಎಲ್ಲಿ ಕೆಡ್ತದೆ ಅಂತ್ಲೇ ಗೊತ್ತಾಗಾಕಿಲ್ಲ. ನನ್ ತಲೇಲೇ ಏನೋ ಐಬದೆ.”

ಸಿಟ್ಟಿನಿಂದ ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ತಳ ಸೀಳಿದ ಮಡಕೆಯ ವಿಷಯ ಹೇಳುವಂತೆ, ಇರುವುದೇ ಹೀಗೆ ಅನ್ನುವಂತೆ ಹೇಳಿದ.

ಬಸ್ಸು ಒಂದು ಕಡೆ ನಿಂತು ಜನರನ್ನು ಹತ್ತಿಸಿಕೊಂಡಿತು. ಹೇಳಿಬಿಡಲೇ ಅಂತ ರೇವಮ್ಮನಿಗೆ ಅನ್ನಿಸಿತು. ಐಬು ನಿಮ್ಮ ತಲೆಯಲ್ಲಿಲ್ಲ, ನನ್ನ ಹೂಂನಲ್ಲಿದೆ ಅಂತ. ಯಾಕೆ ಅಂತ ಅವನು ಕೇಳುತ್ತಾನೆ. ನೀವು ಹೋಗಬಾರದು ಅಂತ, ಅನ್ನಬೇಕು. ಅಷ್ಟು ಹೇಳಿದರೆ ಅವನು ಹೋಗುವುದಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೈಯುವುದೂ ಇಲ್ಲ. ನಾಳೆಯೇ ಹೆಸರು ತೆಗೆಸಿ ಬಂದು, ಮತ್ತೆ ತಟ್ಟೆಯ ಮುಂದೆ ಕೂತು, ಸಾಕಾದಾಗ ಕೈ ಅಡ್ಡ ಹಿಡಿಯುತ್ತಾನೆ. ಹೇಳುವುದೆಂದರೆ ಕಟ್ಟಿಹಾಕುವುದೇ. ಹೇಳದೆ ಇಷ್ಟು ದಿನ ಕಟ್ಟಿಹಾಕಿದ್ದು ಸಾಲದೇ?

ಅವಳಿಗೆ ಅವನು ಎದ್ದು ನಿಂತದ್ದು ಕಣ್ಣಿಗೆ ಕಟ್ಟಿತು. ಅವಳು ಚಿಕ್ಕಪೇಟೆಯ ಆ ಮನೆ ನೋಡಿರಲಿಲ್ಲ. ಆದರೂ ಕಂಡಿತು. ನಗುತ್ತಿರುವವರ ನಡುವೆ, ಅಂಗಿಯ ತೋಳು ಎಳೆದುಕೊಳ್ಳುತ್ತ, ಅವಳು ಹೂಂ ಅಂದರೆ ಅದು ಸರಿ ಇದ್ದೇ ಇರ್ತದೆ ಅನ್ನುತ್ತಿರುವ ಗಂಡಸು. ಮನೆಯಲ್ಲಿ ಒಂದು ದಿನವೂ ಅಂಥ ಮಾತು ಅವನ ಬಾಯಲ್ಲಿ ಬಂದಿರಲಿಲ್ಲ. ತನ್ನ ಪರವಾಗಿ ಹಾಗೆ ಎದ್ದು ನಿಂತವರು ಅಣ್ಣನೂ ಅಲ್ಲ, ಅಪ್ಪನೂ ಅಲ್ಲ, ಇವನು. ಅದೂ ತಾನು ಅದಕ್ಕೆ ತಕ್ಕವಳಲ್ಲದ ದಿನ.

“ನಾಳೆ ಬ್ಯಾಡ,” ಅಂದಳು. “ಒಂದು ವಾರ ತಡೀರಿ.”

“ಯಾಕೆ?”

“ಸುಮ್ನೆ. ನಾನು ಹೇಳ್ತಿದೀನಲ್ಲ.”

ಅವನು ಅವಳನ್ನು ಒಮ್ಮೆ ನೋಡಿ, ಆಗಲಿ ಅನ್ನುವಂತೆ ತಲೆಯಾಡಿಸಿದ. ಊರು ಹತ್ತಿರವಾದಾಗ ಅವಳ ಮಡಿಲಲ್ಲಿದ್ದ ಚೀಲವನ್ನು ತನ್ನ ಕಡೆ ಎಳೆದುಕೊಂಡ.

ಬೆಳಿಗ್ಗೆ ಅವನು ಹೊಸಿಲ ಬಳಿಗೆ ಬರಲಿಲ್ಲ. ಸ್ನಾನ ಮುಗಿಸಿ, ಜಗಲಿಯಲ್ಲಿ ಕೂತು ಬೀದಿ ನೋಡುತ್ತಿದ್ದ. ಹಾಳೆ ಮಡಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ. ರೇವಮ್ಮ ಎಸರಿಟ್ಟಳು. ಹಿಟ್ಟು ಸುರಿದಳು. ಅದು ಬೇಯುವ ತನಕ ಅಡಿಗೆಮನೆಯಲ್ಲಿ ಕೊತಕೊತ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ಹೋದರೆ ಒಂದು ವರ್ಷ ಹೀಗೇ ಇರುತ್ತದೆ ಅಂತ ಅವಳಿಗೆ ಹೊಳೆಯಿತು. ದೊಡ್ಡ ಪಾತ್ರೆ ಅಟ್ಟಕ್ಕೆ ಹೋಗುತ್ತದೆ. ಅತ್ತೆಗೊಂದು ಮುದ್ದೆ, ತನಗೊಂದು. ಚಿಕ್ಕ ಪಾತ್ರೆ ಸಾಕು. ಬೆಳಿಗ್ಗೆ ಎದ್ದರೆ ಹೊಸಿಲ ಆಚೆ ಬರಿಯ ಗೋಡೆ. ಅವನು ಬೆನ್ನು ಒರಗಿಸಿದ ಕಡೆ ಸುಣ್ಣ ಮಾಸಿದೆ, ಅದನ್ನು ಯುಗಾದಿಗೆ ಬಳಿಯುತ್ತಾರೆ, ಆಮೇಲೆ ಅದೂ ಇರುವುದಿಲ್ಲ. ಅಲ್ಲಿ ಎಷ್ಟು ಚಳಿಯೋ. ವರ್ಷ ಕಳೆದು ಬರುವವನು ಹೇಗಿರುತ್ತಾನೋ. ನಾವು ಅನ್ನುತ್ತಾನೋ, ಮರೆತೇಬಿಟ್ಟಿರುತ್ತಾನೋ.

ಪಾತ್ರೆ ಇಳಿಸಿ ಕವೆಗೋಲಿಗೆ ಸಿಕ್ಕಿಸಿದಳು. ಎದ್ದು ಹೋಗಿ ಕ್ಯಾಲೆಂಡರಿನ ಹಿಂದಿನ ಹಾಳೆ ತಂದು ಉಪ್ಪಿನ ಭರಣಿಗೆ ಒರಗಿಸಿದಳು.

“ಬನ್ನಿ, ಹೇಳಿ,” ಅಂತ ಕೂಗಿದಳು.

“ಯಾಕೆ ಇನ್ನ ಅದು?” ಜಗಲಿಯಿಂದ ಅವನ ದನಿ ಬಂತು.

“ನೀವು ಹೇಳ್ತಿದ್ರೆ ನಂಗೆ ತೊಳಸೋಕೆ ಕೈ ಬರ್ತದೆ. ಹಿಟ್ಟು ಗಂಟಾಯ್ತದೆ, ಬೇಗ ಬನ್ನಿ.”

ಅಂಗಳದಲ್ಲಿದ್ದ ಪುಟ್ಟತಾಯಮ್ಮ, “ಹೋಗ್ಲಾ, ಮುದ್ದೆ ಗಂಟಾದ್ರೆ ನುಂಗೋಳು ನಾನು,” ಅಂದಳು.

ಅವನು ಬಂದು ಕೂತ. ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ. ಹೋಗುವುದನ್ನು ಮೊದಲು ಹೇಳಿದ, ಅದು ಸರಿಯಾಗಿತ್ತು. ಒಂದೊಂದಕ್ಕೂ ರೇವಮ್ಮ ಹೂಂ ಅಂದಳು. ಬರುವುದನ್ನು ಹೇಳಿದ. ಅದೂ ಸರಿ. ಬಂದಿದ್ದೀವಿ ಅನ್ನುವಾಗ ಅವಳ ಹೂಂ ಸ್ವಲ್ಪ ತಡವಾಯಿತು, ಆದರೆ ಬಂತು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡ.

“ಜ ಸ್ವಿ ಮಾಂಜೆ,” ಅಂದ. “ನಾನು ತಿಂದಿದ್ದೀನಿ.”

ಹೇಳಿ ಕಾದ. ರೂಢಿಯಂತೆ ಹೂಂ ಅವಳ ತುಟಿಯವರೆಗೆ ಬಂದಿತ್ತು. ಬಿಟ್ಟುಬಿಟ್ಟರೆ ಅವನು ಮುಂದಕ್ಕೆ ಹೋಗುತ್ತಾನೆ, ನೀನು ಅನ್ನುತ್ತಾನೆ, ನೋಡುತ್ತಾನೆ. ಭಾನುವಾರಕ್ಕೆ ಇನ್ನೂ ಹೊತ್ತಿದೆ. ರೇವಮ್ಮ ತುಟಿ ಬಿಗಿಹಿಡಿದಳು. ಇವತ್ತು ಅನ್ನುವುದಿಲ್ಲ. ನಾಳೆಯೂ ಅನ್ನುವುದಿಲ್ಲ. ಅವನು ಸರಿಯಾದದ್ದನ್ನು ತಾನೇ ಹುಡುಕಿಕೊಳ್ಳುವ ತನಕ, ಅದು ಅವನ ನಾಲಿಗೆಯಲ್ಲಿ ನಿಲ್ಲುವ ತನಕ, ದೀಪಾವಳಿಯ ತನಕವಾದರೂ ಸರಿ, ತಪ್ಪಿಗೆ ತನ್ನ ಬಾಯಿಂದ ಹೂಂ ಬರುವುದಿಲ್ಲ. ಯಾಕೆಂದು ಅವನಿಗೆ ಹೇಳಬೇಕಾಗಿಲ್ಲ. ಅತ್ತೆಗೂ ಬೇಡ, ಯಾರಿಗೂ ಬೇಡ.

ಅವನು ಕಣ್ಣು ಬಿಟ್ಟು ಅವಳ ಕಡೆ ನೋಡಿದ. ಅವಳು ಪಾತ್ರೆಯಿಂದ ಕಣ್ಣೆತ್ತಲಿಲ್ಲ.

“ಜ…” ಅಂದು ಹಿಂದಕ್ಕೆ ಹೋದ. ನಿಂತ. ತುಟಿಯೊಳಗೇ ಏನನ್ನೋ ತಿರುವಿ ನೋಡಿದ.

ಹಿಟ್ಟು ಬಿಗಿಯಾಗಿ ಪಾತ್ರೆಯ ಅಂಚು ಬಿಡತೊಡಗಿತ್ತು. ರೇವಮ್ಮ ಕೋಲು ತಿರುವುತ್ತ, ಕಿವಿಗೊಟ್ಟು, ಸುಮ್ಮನೆ ಕಾದಳು.